ನಮ್ಮ ಕಾಲೇಜು ಮಕ್ಕಳೂ ಈ ಒಂದು ಪರೀಕ್ಷೆಯೂ

(ಕೋರಾಡಿಯಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಭಾಷಣಕ್ಕೆ ಕರೆದಾಗ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ಬ್ಯಾಂಕಿನ ಕಾರಕೂನರಾದ ನಾವು ಉಳಿತಾಯದ ಮಾತನ್ನೋ ಗೃಹಸಾಲದ ಬಡ್ಡಿಯ ಮಾತನ್ನೋ ಆಡಿಯೇವೆಂದು ಅವರು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ವಿಷಯವನ್ನು ಬರೆದುಕೊಟ್ಟಾಗ ಚೀಟಿಯನ್ನು ಎರಡು ಸಲ ಓದಿ, “ಸಭಾದಾಗ ಹೆಣ್ಣುಮಕ್ಕಳೂ ಇರತಾರ್ರೀ” ಎಂದರು. “ಅವರೂ ಕೇಳಲೆಂದೇ ಈ ವಿಷಯ” ಎಂದೆವು. ಸ್ವಲ್ಪ ಯೋಚಿಸಿ ಒಪ್ಪಿಕೊಂಡರು. ಆ ಉಪಕಾರವನ್ನು ನೆನೆದು ಮಾತಿಗೆ ತೊಡಗುತ್ತೇವೆ. ಎಚ್‌.ಐ.ವಿ. ಸೋಂಕಿನ ವಿಷಯವಾಗಿ ನಮ್ಮ ಕಾಲೇಜು ಮಕ್ಕಳಿಗೆ ಏನು ಗೊತ್ತಿದೆ, ತಾವಾಗಿಯೇ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಅವರು ಏಕೆ ಹಿಂಜರಿಯುತ್ತಾರೆ ಎಂಬುದೇ ಇಂದಿನ ವಿಷಯ.

ನಾವು ವೈದ್ಯರಲ್ಲ. ಓದಿದ್ದು ಬಿ.ಕಾಂ., ಕೆಲಸ ಕೌಂಟರಿನ ಹಿಂದೆ. ಹಾಗಾದರೆ ಈ ಮಾತನ್ನಾಡಲು ನಮಗೇನು ಅಧಿಕಾರವೆಂದು ತಾವು ಕೇಳಬಹುದು. ಬ್ಯಾಂಕಿಗೆ ಸೇರುವಾಗಲೇ ನಮ್ಮಂಥವರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಿಷ್ಠೆಯಿಂದ ಕೆಲಸ ಮಾಡುತ್ತೇವೆ, ಗಿರಾಕಿಯ ಗುಟ್ಟನ್ನು ಹೊರಗೆ ಬಿಡುವುದಿಲ್ಲವೆಂಬ ಪ್ರತಿಜ್ಞೆ ಅದು. ಅಣ್ಣನ ಖಾತೆಯಲ್ಲಿ ಎಷ್ಟಿದೆಯೆಂದು ತಮ್ಮ ಬಂದು ಕೇಳಿದರೂ ಹೇಳುವಂತಿಲ್ಲ. ಯಾರ ಠೇವಣಿ ಮುಗಿಯಿತು, ಯಾರ ಬಂಗಾರ ಅಡವಿಗೆ ಬಿತ್ತು ಎಂಬುದನ್ನು ಹಗಲೆಲ್ಲ ನೋಡಿ, ಸಂಜೆ ಜಗದಂಬೆಯ ಗುಡಿಯ ಸಾಲಿನಲ್ಲಿ ಅವರೇ ಎದುರಾದರೆ ಮಳೆಬೆಳೆಯ ಮಾತಾಡಿ ಮುಂದೆ ಸಾಗುತ್ತೇವೆ. ಇದು ದೊಡ್ಡ ಗುಣವೇನಲ್ಲ, ಕಸುಬು. ನಾವು ಹೇಳಲಿರುವ ವಿಷಯದ ಬುಡದಲ್ಲಿ ಇರುವುದೂ ಗುಟ್ಟಿನ ಪ್ರಶ್ನೆಯೇ, ನಂಬಿಕೆಯ ಪ್ರಶ್ನೆಯೇ. ಆದುದರಿಂದ ಇಷ್ಟು ಧೈರ್ಯ.

ಈ ರೋಗದ ಕಥೆಯನ್ನು ಬಹಳ ಹಿಂದಿನಿಂದ ಹೇಳುವ ಅಗತ್ಯವಿಲ್ಲ. 1981ರಲ್ಲಿ ಅಮೆರಿಕೆಯ ವೈದ್ಯರು ಮೊದಲು ಇದನ್ನು ಗುರುತಿಸಿದರು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಇದಕ್ಕೆ ಕಾರಣವಾದ ವೈರಸ್ ಸಿಕ್ಕಿತು. ಆದರೆ ನಮ್ಮ ದೇಶದಲ್ಲಿ ಇದು ಕಂಡ ಬಗೆಯನ್ನು ಮಾತ್ರ ಇಲ್ಲಿ ಕುಳಿತಿರುವ ವಿದ್ಯಾರ್ಥಿನಿಯರು ಕಿವಿಗೊಟ್ಟು ಕೇಳಬೇಕು. ಇದನ್ನು ಕಂಡುಹಿಡಿದವಳೂ ಒಬ್ಬ ವಿದ್ಯಾರ್ಥಿನಿಯೇ. 1986ರಲ್ಲಿ, ಆಗಿನ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ನಿರ್ಮಲಾ ಎಂಬವರಿಗೆ ಅವರ ಪ್ರಾಧ್ಯಾಪಕಿ ಡಾಕ್ಟರ್ ಸುನೀತಿ ಸಾಲೊಮನ್ ಅವರು, ಪ್ರಬಂಧಕ್ಕಾಗಿ ಈ ವಿಷಯವನ್ನು ಹಿಡಿಯಲು ಹೇಳಿದರು. ರೋಗವೆಲ್ಲ ಪರದೇಶದ್ದು, ನಮ್ಮಲ್ಲಿ ಇಲ್ಲವೇ ಇಲ್ಲವೆಂದು ದೊಡ್ಡವರೆಲ್ಲ ಗಟ್ಟಿಯಾಗಿ ನಂಬಿದ್ದ ಕಾಲ ಅದು. ನಿರ್ಮಲಾ ಅವರು ರಕ್ತದ ಮಾದರಿಗಳನ್ನು ಕೂಡಿಸಿ, ಇಡಲು ಬೇರೆ ಜಾಗವಿಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಪರೀಕ್ಷೆಯ ಸೌಕರ್ಯ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿತ್ತು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ದೇಶ ಬೆಚ್ಚಿತು. ಸಾಲೊಮನ್ ಅವರು ಹುಟ್ಟಿದ್ದು ಮದರಾಸಿನ ಗಾಯತೋಂಡೆ ಎಂಬ ಮರಾಠಿ ಮನೆತನದಲ್ಲಿ. ಹೊರನಾಡಿನಲ್ಲಿ ಬೆಳೆದವರು ಆ ನಾಡಿಗೆ ಎಷ್ಟು ಉಪಯೋಗಕ್ಕೆ ಬರಬಹುದೆಂಬುದಕ್ಕೆ ಹೊರನಾಡಿಗರಾದ ನಮಗೆ ಬೇರೆ ದೃಷ್ಟಾಂತ ಏಕೆ? 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ರೋಗಿಗಳ ಸೇವೆಯಲ್ಲೇ ಇದ್ದರು.

ಅಂದಿನಿಂದ ಮೂರೂವರೆ ದಶಕ ಮಿಕ್ಕಿ ಕಳೆಯಿತು. 2023ರ ಸರಕಾರಿ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಈ ಸೋಂಕಿನೊಡನೆ ಬದುಕುತ್ತಿದ್ದಾರೆ. ಸಂಖ್ಯೆಯಲ್ಲಿ ನಾವು ಅನ್ನ ತಿನ್ನುವ ಮಹಾರಾಷ್ಟ್ರವೇ ಮೊದಲು. ನಾವು ಹುಟ್ಟಿದ ಕರ್ನಾಟಕವೂ ಬಹಳ ಹಿಂದಿಲ್ಲ.

ಹಾಗಾದರೆ ಮಕ್ಕಳಿಗೆ ಏನು ಗೊತ್ತು? 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನವರಲ್ಲಿ ಈ ಸೋಂಕಿನ ಬಗ್ಗೆ ಸಮಗ್ರ ತಿಳಿವಳಿಕೆ ಉಳ್ಳವರು ಹೆಂಗಸರಲ್ಲಿ ನೂರಕ್ಕೆ ಸುಮಾರು 22, ಗಂಡಸರಲ್ಲಿ ಸುಮಾರು 31 ಎಂದು ಕಂಡಿತು. ಹೆಸರು ಕೇಳಿದವರು ಅನೇಕರು, ಸರಿಯಾಗಿ ಬಲ್ಲವರು ಕೆಲವರು. ನಮ್ಮ ಕಾಲೇಜು ಮಕ್ಕಳು ಈ ಸರಾಸರಿಗಿಂತ ಮೇಲಿದ್ದಾರೆಂದೇ ನಮ್ಮ ಅನುಭವ. ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳಿವೆ, ಡಿಸೆಂಬರ್ 1ರಂದು ಮೆರವಣಿಗೆ ಹೊರಡುತ್ತದೆ, ಭಿತ್ತಿಪತ್ರದ ಸ್ಪರ್ಧೆ ನಡೆಯುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಹುಡುಗ ಹುಡುಗಿಯರು ಇಪ್ಪತ್ತೈದು ಮೂವತ್ತು ಮಂದಿ ಒಂದು ಭಾನುವಾರ ಸೇರಿದ್ದಾಗ ನಾವು ಸುಮ್ಮನೆ ಕೇಳಿದೆವು: ಇದು ಹೇಗೆ ಬರುತ್ತದೆ? ಮಗ್ಗಿ ಒಪ್ಪಿಸಿದಂತೆ ಎಲ್ಲರೂ ಹೇಳಿದರು. ರಕ್ಷಣೆಯಿಲ್ಲದ ದೇಹಸಂಬಂಧದಿಂದ, ಸೋಂಕಿನ ರಕ್ತದಿಂದ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದರಿಂದ, ತಾಯಿಯಿಂದ ಮಗುವಿಗೆ. ಹೇಗೆ ಬರುವುದಿಲ್ಲ? ಕೈಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತರೆ ಬರುವುದಿಲ್ಲ. ನೂರಕ್ಕೆ ನೂರು ಅಂಕ!

“ನಿಮ್ಮಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿಕೊಂಡಿದ್ದೀರಾ?” ಎಂದು ಕೇಳಿದೆವು. ನಿಶ್ಶಬ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಹುಡುಗ, ಒಳ್ಳೆಯ ಹುಡುಗ, ಎದ್ದು ನಿಂತು, “ಯಾಕ ಕಾಕಾ, ನಾವೇನು ಮಾಡೇವಿ?” ಎಂದ.

ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹೋಗುವವನು ಈ ಮಾತನ್ನು ಹೇಳುವುದಿಲ್ಲ. ಕಣ್ಣಿನ ಪರೀಕ್ಷೆಗೆ ಹೋಗುವವನೂ ಹೇಳುವುದಿಲ್ಲ. ಈ ಒಂದು ಪರೀಕ್ಷೆಯನ್ನು ಮಾತ್ರ ನಮ್ಮ ಮಕ್ಕಳು ತಪ್ಪೊಪ್ಪಿಗೆಯೆಂದು ತಿಳಿದಿದ್ದಾರೆ. ಆಸ್ಪತ್ರೆಯ ಆ ಬಾಗಿಲನ್ನು ತಟ್ಟಿದರೆ ಸಾಕು, ಏನೋ ಮಾಡಿದ್ದಾನೆಂದು ಲೋಕ ತೀರ್ಪು ಬರೆದಂತೆಯೆ.

ಬಾಯಿಬಿಟ್ಟು ಹೇಳಲಾರದುದನ್ನು ಬರೆದಾರೆಂದು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರಿಲ್ಲದೆ ಬರೆದು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿರೆಂದೆವು. ಆ ಡಬ್ಬಿ ನಮಗೆ ಕಲಿಸಿದಷ್ಟನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಮರಾಠಿಯಲ್ಲಿ ಬರೆದವರಿದ್ದರು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದವರಿದ್ದರು. ಕನ್ನಡದ ಮಾತನ್ನು ದೇವನಾಗರಿ ಲಿಪಿಯಲ್ಲಿ ಬರೆದ ಚೀಟಿಯೂ ಒಂದಿತ್ತು. ರಾಜ್ಯೋತ್ಸವದ ಸಂಚಿಕೆಯಲ್ಲಿ ಇದನ್ನು ದಾಖಲಿಸಿದರೆ ಯಾರೂ ಕೋಪಿಸಿಕೊಳ್ಳಬಾರದು. ಆ ಮಗು ಬೇರಾವ ಭಾಷೆಯಲ್ಲೂ ಬರೆಯದೆ ಕನ್ನಡದಲ್ಲೇ ಕೇಳಬಯಸಿತೆಂಬುದು ನಮಗೆ ಹೆಮ್ಮೆಯ ಸಂಗತಿಯೇ.

ಒಬ್ಬರು ಬರೆದಿದ್ದರು: ಸೊಳ್ಳೆ ಕಚ್ಚಿದರೆ ಬರುವುದಿಲ್ಲವೆಂದು ಗೊತ್ತು, ಆದರೆ ಏಕೆ ಬರುವುದಿಲ್ಲ? ಬಹಳ ಒಳ್ಳೆಯ ಪ್ರಶ್ನೆ. ಮಲೇರಿಯ ತರುವ ಸೊಳ್ಳೆ ಇದನ್ನೇಕೆ ತರದು? ಮಲೇರಿಯದ ಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಅದರ ಜೊಲ್ಲಿಗೆ ಬರುತ್ತದೆ. ಈ ವೈರಸ್ ಸೊಳ್ಳೆಯಲ್ಲಿ ಬೆಳೆಯಲಾರದು, ಜೀರ್ಣವಾಗಿ ಹೋಗುತ್ತದೆ. ಮೇಲಾಗಿ ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಹೀರಿದವನ ರಕ್ತವನ್ನಲ್ಲ. ಕಾರಣ ತಿಳಿಯದೆ ಬಾಯಿಪಾಠ ಮಾಡಿದ ತಿಳಿವಳಿಕೆ ಸಂಕಟದ ವೇಳೆಯಲ್ಲಿ ಕೈಕೊಡುತ್ತದೆ.

ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡೆ, ಸೂಜಿ ಹೊಸದೋ ಹಳೆಯದೋ ನೋಡಲಿಲ್ಲ ಎಂದು ಇನ್ನೊಬ್ಬರು. ರಕ್ತದಾನ ಮಾಡಿದರೆ ಅವರೇ ಪರೀಕ್ಷೆ ಮಾಡುತ್ತಾರಲ್ಲ, ಬೇರೆ ಹೋಗುವುದೇಕೆ ಎಂದು ಮತ್ತೊಬ್ಬರು. ಈ ಕೊನೆಯದಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದು ಜಾಣತನದಂತೆ ಕಾಣುವ ಅಪಾಯ. ದಾನದ ರಕ್ತವನ್ನೆಲ್ಲ ಪರೀಕ್ಷಿಸುತ್ತಾರೆಂಬುದು ನಿಜ. ಆದರೆ ವೈರಸ್ ಮೈ ಹೊಕ್ಕ ಕೂಡಲೆ ಪರೀಕ್ಷೆಗೆ ಸಿಗುವುದಿಲ್ಲ. ಚೆಕ್ಕು ಕೊಟ್ಟ ಗಳಿಗೆಗೇ ಪಾಸ್‌ಬುಕ್ಕಿನಲ್ಲಿ ಜಮಾ ಕಾಣುತ್ತದೆಯೆ? ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸಿಗೆ ಎದುರಾಗಿ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಕೆಲವು ವಾರ, ಕೆಲವೊಮ್ಮೆ ಮೂರು ತಿಂಗಳವರೆಗೂ ಬೇಕು. ಆ ನಡುವಿನ ಕಾಲದಲ್ಲಿ ತನ್ನ ಅನುಮಾನ ಪರಿಹಾರಕ್ಕೆಂದು ರಕ್ತ ಕೊಟ್ಟವನು ಆಸ್ಪತ್ರೆಯಲ್ಲಿ ಮಲಗಿರುವ ಇನ್ನಾರಿಗೋ ಕೇಡು ಮಾಡಿದಂತಾದೀತು. ಅನುಮಾನವಿದ್ದವನು ರಕ್ತದಾನದ ಶಿಬಿರಕ್ಕೆ ಹೋಗಲೇಬಾರದು; ಪರೀಕ್ಷೆಯ ಕೇಂದ್ರಕ್ಕೆ ಹೋಗಬೇಕು, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಹೋಗಬೇಕು.

ಉಳಿದ ಚೀಟಿಗಳಲ್ಲಿ ಹೆಚ್ಚಿನವು ಒಂದೇ ಮಾತಿನ ನಾನಾ ರೂಪಗಳು. “ಲ್ಯಾಬಿನವರು ಅಪ್ಪನಿಗೆ ಗೊತ್ತು.” “ಯಾರಾದರೂ ನೋಡಿದರೆ?” “ಹುಡುಗಿ ಹೋದಳೆಂದು ತಿಳಿದರೆ ಮದುವೆ ಆದೀತೆ?” ದೇವನಾಗರಿಯ ಆ ಚೀಟಿಯಲ್ಲಿದ್ದುದು ಇದು: “ಅವ್ವಗ ಇದನ್ನ ಹೆಂಗ ಹೇಳೂದು? ಕನ್ನಡ ಶಬ್ದ ಗೊತ್ತಿಲ್ಲ.”

ಸಾಯುತ್ತೇನೆಂಬ ಹೆದರಿಕೆಯನ್ನು ಒಬ್ಬರೂ ಬರೆದಿರಲಿಲ್ಲ. ಚೀಟಿಗಳನ್ನು ಮತ್ತೆ ಮತ್ತೆ ತಿರುವಿ ನೋಡಿದೆವು, ಇರಲಿಲ್ಲ. ಮಕ್ಕಳು ಹೆದರುವುದು ರೋಗಕ್ಕಲ್ಲ, ನಮಗೆ.

ಈ ಹೆದರಿಕೆ ಎಲ್ಲಿಂದ ಬಂದಿತೆಂದರೆ, ಸ್ವಲ್ಪ ಮಟ್ಟಿಗೆ ನಮ್ಮ ತಲೆಮಾರು ನೋಡಿದ ಗೋಡೆಬರಹಗಳಿಂದ ಬಂದಿತು. ತಲೆಬುರುಡೆ ಬರೆದು, ಏಡ್ಸ್ ಎಂದರೆ ಸಾವು ಎಂದು ಬರೆಯುತ್ತಿದ್ದ ಕಾಲ. ಅದು ಲಾರಿ ಚಾಲಕರ ರೋಗ, ಅಂಥ ಹೆಂಗಸರ ರೋಗ, ಸೂಜಿ ಚುಚ್ಚಿಕೊಳ್ಳುವವರ ರೋಗ ಎಂದು ಕೇಳುತ್ತ ಬೆಳೆದೆವು. ದಕ್ಷಿಣೋತ್ತರ, ಪೂರ್ವಪಶ್ಚಿಮ ಹೆದ್ದಾರಿಗಳು ಕೂಡುವ ನಾಗಪುರದಂಥ ಊರಿನಲ್ಲಿ ಲಾರಿಗಳಿಗೇನು ಕಡಿಮೆ? “ಅವರ ರೋಗ” ಎಂದು ಬೆರಳು ತೋರಿಸಲು ರಸ್ತೆಯೇ ಸಾಕಾಯಿತು. ಅಂಥ ಹೆಂಗಸರೆಂದೆವಲ್ಲ, ಅವರಾರು? ದೇವದಾಸಿ ಪದ್ಧತಿಯನ್ನು ಕರ್ನಾಟಕ ಸರಕಾರ 1982ರಲ್ಲಿಯೇ ಕಾನೂನು ಮಾಡಿ ನಿಷೇಧಿಸಿತು. ಆದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಎಷ್ಟೋ ಬಡ ಹೆಣ್ಣುಮಕ್ಕಳು ಸಾಂಗಲಿಗೆ, ಪುಣೆಗೆ, ಮುಂಬಯಿಗೆ ಹೋದರು. ಅವರಾಡುವುದೂ ನಮ್ಮ ಕನ್ನಡವೇ. ಹೊರನಾಡ ಕನ್ನಡಿಗರ ಲೆಕ್ಕ ಹಾಕುವಾಗ ಅವರನ್ನು ಬಿಟ್ಟು ಲೆಕ್ಕ ಹಾಕುವ ಅಭ್ಯಾಸ ನಮ್ಮ ಸಂಘಗಳಿಗಿದೆ. ಇದೇ ಸಾಂಗಲಿಯಲ್ಲಿ ಆ ಹೆಂಗಸರೇ ಒಂದಾಗಿ, ಸಂಗ್ರಾಮ ಎಂಬ ಸಂಸ್ಥೆಯ ಜೊತೆಗೂಡಿ 1990ರ ದಶಕದಿಂದ ಈ ಸೋಂಕಿನ ವಿರುದ್ಧ ಕೆಲಸ ಮಾಡುತ್ತ ಬಂದಿದ್ದಾರೆ.

ಆದರೆ ಹೆದರಿಕೆಯೆಲ್ಲ ಬರಿಯ ಭ್ರಮೆಯೆಂದು ಹೇಳಿ ಮಕ್ಕಳ ಬೆನ್ನು ತಟ್ಟಿದರೆ ಸತ್ಯವಾಗದು. ಗೋವೆಯ ಡೊಮಿನಿಕ್ ಡಿಸೋಜಾ ಎಂಬ ತರುಣನ ಸಂಗತಿ ಕೇಳಿ. ಆಗಾಗ ರಕ್ತದಾನ ಮಾಡುತ್ತಿದ್ದ ಪರೋಪಕಾರಿ. 1989ರಲ್ಲಿ, ಅವನ ರಕ್ತದಲ್ಲಿ ಸೋಂಕು ಕಂಡಿತೆಂದು, ಏನು ಎತ್ತ ಎಂದು ಅವನಿಗೆ ತಿಳಿಸಿ ಹೇಳುವವರಿಲ್ಲದೆ, ಪೊಲೀಸರು ಕರೆದೊಯ್ದರು. ಹಿಂದೆ ಕ್ಷಯರೋಗಿಗಳನ್ನಿಡುತ್ತಿದ್ದ ಕಟ್ಟಡದಲ್ಲಿ ಒಂಟಿಯಾಗಿ 64 ದಿನ ಕೂಡಿಹಾಕಿದರು. ಅಂದಿನ ಗೋವೆಯ ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು! ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆಯೇ ಆತ ಹೊರಬಂದದ್ದು. ಹೊರಬಂದವನು ಸುಮ್ಮನಿರಲಿಲ್ಲ, ತನ್ನಂಥವರಿಗಾಗಿ ಮಿತ್ರರೊಡನೆ ಪಾಸಿಟಿವ್ ಪೀಪಲ್ ಎಂಬ ಸಂಸ್ಥೆ ಕಟ್ಟಿದ. 1992ರಲ್ಲಿ ತೀರಿಕೊಂಡ. ಇಂಥ ಕಥೆಗಳು ನಡೆದ ದೇಶದಲ್ಲಿ ಮಕ್ಕಳು ಹೆದರಿದರೆ ಅವರನ್ನು ಪುಕ್ಕಲರೆನ್ನಲು ನಮಗೆ ಬಾಯಿ ಬಾರದು.

ಕಾಲ ಬದಲಾಯಿತು, ನಿಧಾನವಾಗಿ. 1997ರಲ್ಲಿ ಮುಂಬಯಿ ಹೈಕೋರ್ಟು, ಸೋಂಕಿದೆಯೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡ ಒಬ್ಬ ಕೂಲಿಕಾರನ ಪರವಾಗಿ ತೀರ್ಪಿತ್ತಿತು. ಕೆಲಸಕ್ಕೆ ಮೈಯಲ್ಲಿ ಶಕ್ತಿಯಿರುವವನನ್ನು ಈ ಕಾರಣಕ್ಕೆ ತೆಗೆಯುವಂತಿಲ್ಲವೆಂದಿತು. ಆ ಮೊಕದ್ದಮೆಯ ಕಾಗದಗಳಲ್ಲಿ ಅವನ ಹೆಸರಿಲ್ಲ, ಇಂಗ್ಲಿಷಿನ ಎರಡು ಅಕ್ಷರಗಳಿವೆ ಅಷ್ಟೆ. ಹೆಸರು ಮರೆಮಾಡಿ ನ್ಯಾಯ ಕೇಳಲು ನ್ಯಾಯಾಲಯವೇ ಒಪ್ಪಿತು. ಅನಂತರ 2017ರಲ್ಲಿ ಸಂಸತ್ತು ಇದಕ್ಕೆಂದೇ ಕಾನೂನು ಮಾಡಿ, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಗೆ ಬಂದಿತು. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಯಾರ ರಕ್ತವನ್ನೂ ಈ ಪರೀಕ್ಷೆಗೆ ಒಡ್ಡುವಂತಿಲ್ಲ. ಕಾಲೇಜಿನ ಪ್ರವೇಶಕ್ಕಾಗಲಿ ನೌಕರಿಗಾಗಲಿ ಈ ಪರೀಕ್ಷೆಯ ಚೀಟಿ ಕೇಳುವಂತಿಲ್ಲ. ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಗುಟ್ಟಿನ ಈ ನಿಯಮಕ್ಕೆ ಅಪವಾದಗಳಿಲ್ಲವೆಂದಲ್ಲ. ಸಂಗಾತಿಯ ಜೀವಕ್ಕೆ ಅಪಾಯವಿದ್ದು, ಸೋಂಕಿನವನು ತಾನಾಗಿ ಹೇಳದೆ ಹೋದಲ್ಲಿ, ಅವನಿಗೆ ಮುಂಚಿತವಾಗಿ ತಿಳಿಸಿ ವೈದ್ಯರು ಆ ಸಂಗಾತಿಗೆ ಹೇಳಬಹುದು. ಅದು ನ್ಯಾಯವೇ. ಹದಿನೆಂಟು ತುಂಬದವರ ಪರೀಕ್ಷೆಗೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಈ ನಾಡಿನಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಯವರನ್ನೂ ಕಾಲೇಜಿನವರೆಂದೇ ಎಣಿಸುವುದರಿಂದ, ಜೂನಿಯರ್ ಕಾಲೇಜಿನ ಮಕ್ಕಳ ಮನೆಯವರು ಇದನ್ನು ನೆನಪಿಡಬೇಕು.

ಕೆಲವು ಹಿರಿಯರು ನಮ್ಮೊಡನೆ ವಾದಿಸಿದರು: ಇಷ್ಟೆಲ್ಲ ಸಂಕೋಚವೇಕೆ, ಕಾಲೇಜಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ ಮುಗಿಯಿತಲ್ಲ! ಕಾನೂನು ಬಿಡದೆಂಬುದು ಒಂದು. ಅದಕ್ಕಿಂತ ಮುಖ್ಯವಾದುದು, ಬಲವಂತಕ್ಕೆ ಹೆದರಿದವನೇ ಮೊದಲು ಓಡಿಹೋಗುತ್ತಾನೆ. ಯಾರಿಗೆ ಅಗತ್ಯವೋ ಅವನೇ ಆ ದಿನ ಗೈರುಹಾಜರಿ. ತಾನಾಗಿ ಬಂದವನು ಮಾತು ಕೇಳುತ್ತಾನೆ, ಮತ್ತೆ ಬರುತ್ತಾನೆ. ಎಲ್ಲ ಮಕ್ಕಳೂ ನಾಳೆ ಬೆಳಗ್ಗೆ ಓಡಬೇಕೆಂದೂ ನಾವು ಹೇಳುತ್ತಿಲ್ಲ. ಅಪಾಯಕ್ಕೆ ಎಡೆಯಾದವರು ಹೋಗಬೇಕು, ಅನುಮಾನದಿಂದ ನಿದ್ದೆಗೆಟ್ಟವರು ಹೋಗಬೇಕು. ಹೋಗುವವರನ್ನು ಉಳಿದವರು ನೋಡಿ ನಗಬಾರದು.

ಡಬ್ಬಿಯಲ್ಲಿ ಇನ್ನೊಂದು ಚೀಟಿಯಿತ್ತು. “ನೀವು ಮಾಡಿಸಿದ್ದೀರಾ?” ಎಂದು ಮಾತ್ರ ಬರೆದಿತ್ತು. ಆ ತಿಂಗಳ ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ, ನಾವೂ ನಮ್ಮ ಮನೆಯವರೂ ನಾಗಪುರದ ಒಂದು ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ನಡೆದುದನ್ನು ಇದ್ದಂತೆ ಹೇಳುತ್ತೇವೆ, ಏಕೆಂದರೆ ತಿಳಿಯದ ಬಾಗಿಲೇ ಹೆಚ್ಚು ಹೆದರಿಸುವುದು.

ಹೊರಗೆ ಮರಾಠಿಯಲ್ಲಿ ಸಮುಪದೇಶನ ಮತ್ತು ಪರೀಕ್ಷೆಯ ಕೇಂದ್ರವೆಂಬ ಫಲಕವಿದೆ, ಐ.ಸಿ.ಟಿ.ಸಿ. ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹಣವಿಲ್ಲ. ದಾಖಲೆಯಲ್ಲಿ ಒಂದು ಸಂಖ್ಯೆ ಕೊಡುತ್ತಾರೆ. ಒಳಗೆ ಒಬ್ಬ ತರುಣಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂಡಿಸಿಕೊಂಡು, ಬಾಗಿಲು ಮುಚ್ಚಿ, ಪರೀಕ್ಷೆ ಏನು, ಇದೆಯೆಂದು ಬಂದರೆ ಏನು, ಇಲ್ಲವೆಂದು ಬಂದರೆ ಏನು ಎಂಬುದನ್ನು ವಿವರಿಸಿದಳು. ಏಕೆ ಬಂದಿರೆಂದು ಕೇಳಿದಳು. ಬಂದಿರಾ ಎಂದು ಕೇಳಲಿಲ್ಲ. ಈ ಎರಡಕ್ಕೂ ಇರುವ ಅಂತರವನ್ನು ಕೌಂಟರಿನಲ್ಲಿ ಕುಳಿತವರು ಬಲ್ಲರು. ಒಪ್ಪಿಗೆಗೆ ಸಹಿ ಮಾಡಿದೆವು. ತೋಳಿನಿಂದ ಸ್ವಲ್ಪ ರಕ್ತ ತೆಗೆದರು. ಹೊರಗೆ ಬೆಂಚಿನ ಮೇಲೆ ಕಾದೆವು. ಬಸುರಿಯರಿದ್ದರು, ಕ್ಷಯದ ಚಿಕಿತ್ಸೆಗೆ ಬಂದವರಿದ್ದರು, ಅವರಿಗೂ ಇದೇ ಪರೀಕ್ಷೆಯ ಸಲಹೆ ಕೊಡುತ್ತಾರೆ. ಆದುದರಿಂದ ಆ ಬೆಂಚಿನಲ್ಲಿ ಕುಳಿತವರನ್ನು ನೋಡಿ ಯಾರೂ ಏನನ್ನೂ ಊಹಿಸಲಾರರು. ಅಂದೇ ಮತ್ತೆ ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಫಲಿತಾಂಶ ತಿಳಿಸಿದರು. ಏನೆಂದು ಬಂದಿತು ಎಂಬುದನ್ನು ನಾವು ಈ ಸಭೆಗೆ ಹೇಳುವುದಿಲ್ಲ. ಹೇಳದಿರುವ ಹಕ್ಕು ಎಲ್ಲರಿಗೂ ಉಂಟು, ಅದನ್ನು ನಾವು ಬಳಸಿ ತೋರಿಸುತ್ತಿದ್ದೇವೆ.

ವಾಣಿಜ್ಯ ಓದಿದವರ ಒಂದು ಲೆಕ್ಕವನ್ನು ಇಲ್ಲಿ ಒಪ್ಪಿಸಬೇಕು. ದೇಶದ ವಯಸ್ಕರಲ್ಲಿ ಈ ಸೋಂಕು ಇರುವವರು ಸಾವಿರಕ್ಕೆ ಸುಮಾರು ಇಬ್ಬರು. ಸಾವಿರಕ್ಕೆ ಐದು ಸಲ ಮಾತ್ರ ತಪ್ಪಾಗಿ “ಇದೆ” ಎನ್ನುವ ಒಂದು ಪರೀಕ್ಷೆಯನ್ನು ಊಹಿಸಿಕೊಳ್ಳಿ. ಬಹಳ ಒಳ್ಳೆಯ ಪರೀಕ್ಷೆಯೇ ಅದು. ಆದರೂ ಸಾವಿರ ಮಂದಿಯನ್ನು ಪರೀಕ್ಷಿಸಿದರೆ “ಇದೆ” ಎನ್ನಿಸಿಕೊಳ್ಳುವ ಏಳು ಮಂದಿಯಲ್ಲಿ ಐವರಿಗೆ ಏನೂ ಇರುವುದಿಲ್ಲ! ಆದುದರಿಂದಲೇ ಸರಕಾರಿ ಕೇಂದ್ರದಲ್ಲಿ, ಲಕ್ಷಣಗಳಿಲ್ಲದವನ ರಕ್ತ ಮೊದಲ ಪರೀಕ್ಷೆಯಲ್ಲಿ “ಇದೆ” ಎಂದರೆ, ಬೇರೆ ಬಗೆಯ ಇನ್ನೆರಡು ಪರೀಕ್ಷೆಗಳನ್ನು ಮಾಡಿ, ಮೂರೂ ತಾಳೆಯಾದರೆ ಮಾತ್ರ ಹೇಳುತ್ತಾರೆ. ಬ್ಯಾಂಕಿನಲ್ಲಿಯೂ ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳದೆ ಪಾಸಾಗುವುದಿಲ್ಲವಷ್ಟೆ. ಯಾವುದೋ ಓಣಿಯ ಲ್ಯಾಬಿನ ಒಂದೇ ಚೀಟಿಯನ್ನು ಹಿಡಿದು ಯಾವ ಮಗುವೂ ಕೆರೆಯ ದಂಡೆಗೆ ಹೋಗಬಾರದು.

ಇದೆಯೆಂದೇ ಖಚಿತವಾಯಿತೆನ್ನಿ. 2004ರ ಏಪ್ರಿಲ್ 1ರಿಂದ ಸರಕಾರ ಈ ರೋಗದ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಮೊದಲು ಆರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. ಅದಕ್ಕೂ ಮುಂಚೆ, 2001ರಲ್ಲಿ, ಪರದೇಶದ ಕಂಪನಿಗಳು ವರ್ಷಕ್ಕೆ ಸಾವಿರಾರು ಡಾಲರ್ ಕೇಳುತ್ತಿದ್ದ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆಂದು ಜಗತ್ತಿಗೆ ಸಾರಿದ್ದು ಮುಂಬಯಿಯ ಸಿಪ್ಲಾ. 2017ರಿಂದ, ದೇಹದ ಶಕ್ತಿ ಇಷ್ಟು ಕುಂದಲೆಂದು ಕಾಯದೆ, ಸೋಂಕು ಕಂಡವರಿಗೆಲ್ಲ ಔಷಧಿ ಆರಂಭಿಸುತ್ತಾರೆ. ಬಹುಮಂದಿಗೆ ದಿನಕ್ಕೊಂದು ಮಾತ್ರೆ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದೇ ಇರುವವರಿಂದ ದೇಹಸಂಬಂಧದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲವೆಂಬುದು ಈಗ ಸಿದ್ಧವಾದ ಮಾತು. ಓದಬಹುದು, ದುಡಿಯಬಹುದು, ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳನ್ನು ಹೆರಬಹುದು. ತಡವಾಗಿ ತಿಳಿದವನಿಗೆ ಮಾತ್ರ ಈ ದಾರಿ ಇಕ್ಕಟ್ಟು. ಅಪಾಯವಾದ 72 ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಸೋಂಕು ಬೇರೂರದಂತೆ ತಡೆಯುವ ಔಷಧಿಯೂ ಉಂಟು. ಅದನ್ನು ಎಷ್ಟು ಮಕ್ಕಳು ಬಲ್ಲರು? ಅಂದು ಸೇರಿದವರಲ್ಲಿ ಒಬ್ಬ ನರ್ಸಿಂಗ್ ಓದುವ ಹುಡುಗಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಮದುವೆಯ ಮಾತು ಬಂದಿತು. ಜಾತಕದ ಜೊತೆಗೆ ರಕ್ತದ ಚೀಟಿಯನ್ನೂ ಕೇಳುವ ಮನೆಗಳು ಈಗ ಇವೆ. ಹೆಣ್ಣಿನ ಕಡೆಯಿಂದ ಮಾತ್ರ ಕೇಳುವುದಾದರೆ ಅದು ಆರೋಗ್ಯದ ಕಾಳಜಿಯಲ್ಲ, ವರದಕ್ಷಿಣೆಯ ತಮ್ಮ. ಗಂಡು ಹೆಣ್ಣು ಇಬ್ಬರೂ ತಾವೇ ಮಾತಾಡಿಕೊಂಡು, ಕೂಡಿ ಹೋಗಿ ಮಾಡಿಸಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಅವ್ವನಿಗೆ ಹೇಗೆ ಹೇಳುವುದೆಂದು ಕೇಳಿದ ಮಗುವಿಗೆ ಶಬ್ದ ಕೊಡುವುದು ಕನ್ನಡ ಸಂಘದ ಕೆಲಸವಲ್ಲದೆ ಇನ್ನಾರ ಕೆಲಸ? ಸೋಂಕು ಎಂಬುದು ನಮ್ಮ ಅಜ್ಜಿಯರ ಬಾಯಲ್ಲಿದ್ದ ಶಬ್ದ. ಅದರಲ್ಲಿ ಮುಟ್ಟಿದ್ದೆಂಬ ಅರ್ಥವಿದೆ, ಪಾಪವೆಂಬ ಅರ್ಥವಿಲ್ಲ. ಇಲ್ಲಿನ ಫಲಕದ ಸಮುಪದೇಶನವೆಂಬ ಮಾತಿನಲ್ಲಿ ಉಪದೇಶ ಅಡಗಿದೆ. ಕರ್ನಾಟಕದ ಆಸ್ಪತ್ರೆಗಳಲ್ಲಿ ಅದನ್ನು ಆಪ್ತ ಸಮಾಲೋಚನೆ ಎನ್ನುತ್ತಾರೆ. ಮರಾಠಿ ಬಂಧುಗಳು ಕ್ಷಮಿಸಬೇಕು, ಈ ಒಂದು ಶಬ್ದದಲ್ಲಿ ನಮ್ಮವರು ಗೆದ್ದರೆಂದು ನಮಗೆ ತೋರುತ್ತದೆ. ಮಕ್ಕಳಿಗೆ ಉಪದೇಶ ಮನೆಯಲ್ಲಿ ಸಾಕಷ್ಟು ಸಿಗುತ್ತದೆ. ತಿಂಗಳಿಗೊಂದು ಭಾನುವಾರ ಇಂಥ ಮಾತಿಗೆಂದು ಸಂಘದ ಕೋಣೆಯನ್ನು ಬಿಟ್ಟುಕೊಡಬೇಕೆಂದೂ, ಅದಕ್ಕೆ ಒಬ್ಬ ವೈದ್ಯರನ್ನು ಕರೆಸಬೇಕೆಂದೂ ಕಾರ್ಯಕಾರಿ ಸಮಿತಿಗೆ ನಮ್ಮ ಕೋರಿಕೆ.

1097 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಣವಿಲ್ಲದೆ, ಹೆಸರು ಹೇಳದೆ ಸಲಹೆ ಪಡೆಯಬಹುದು. ನಾಗಪುರದಲ್ಲಿ ಆಟೋದವನಿಗೆ ಮೆಡಿಕಲ್ ಎಂದರೂ ಮೇಯೋ ಎಂದರೂ ತಿಳಿಯುತ್ತದೆ. ಎರಡು ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲೂ ಈ ಪರೀಕ್ಷೆಯುಂಟು.

ಡಬ್ಬಿಯ ಒಂದು ಚೀಟಿಗೆ ಮಾತ್ರ ನಾವು ಅಂದು ಉತ್ತರ ಕೊಡಲಿಲ್ಲ. “ಇದೆ ಎಂದು ಬಂದರೆ ಅವತ್ತು ರಾತ್ರಿ ಮನೆಗೆ ಬರಬಹುದಾ?” ಎಂದು ಅದರಲ್ಲಿ ಬರೆದಿತ್ತು. ಅದಕ್ಕೆ ಉತ್ತರ ಕೊಡಬೇಕಾದವರು ಇಂದು ಈ ಸಭೆಯಲ್ಲಿ ಕುಳಿತಿದ್ದೀರಿ. ಬಿಸ್ಕತ್ತಿನ ಡಬ್ಬಿಯನ್ನು ತಂದಿದ್ದೇವೆ, ವಾಚನಾಲಯದ ಮೇಜಿನ ಮೇಲಿದೆ, ಪಕ್ಕದಲ್ಲಿ ಚೀಟಿಗಳಿವೆ. ಇಂದು ಬರೆಯಬೇಕಾದವರು ತಂದೆತಾಯಿಗಳು. ಹೆಸರು ಬೇಕಿಲ್ಲ, ಯಾವ ಲಿಪಿಯಾದರೂ ಆದೀತು. ಮುಂದಿನ ಭಾನುವಾರ ಮಕ್ಕಳು ಸೇರಿದಾಗ ಅವನ್ನು ಓದಿ ಹೇಳುತ್ತೇವೆ.